ಆಪತ್ತಿನ ಹೊತ್ತಿನ ಕನ್ನಡ

ಸಣ್ಣ ಊರುಗಳ ನೀರು, ದೀಪ, ಬೆಂಕಿ, ಆಂಬುಲೆನ್ಸುಗಳ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಎರಡು ಉತ್ತರಗಳನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಹಣ ಸಾಲದು ಎಂಬುದು ಒಂದು. ಜನಕ್ಕೆ ತಿಳಿವಳಿಕೆ ಸಾಲದು ಎಂಬುದು ಇನ್ನೊಂದು. ಹಣದ ಮಾತನ್ನು ಮಂತ್ರಿಗಳಿಗೆ ಬಿಡೋಣ. ಎರಡನೆಯದು ಮಾತ್ರ ಅಪ್ಪಟ ಸುಳ್ಳು. ಈಚೆಗೆ ಬಹಳ ಗೌರವಸ್ಥರ ಬಾಯಲ್ಲಿ ಓಡಾಡುತ್ತಿರುವ ಸುಳ್ಳು. “ನಂಬರು ಇದೆ, ಗಾಡಿ ಇದೆ, ಈ ಜನಕ್ಕೆ ನೆಟ್ಟಗೆ ವಿಳಾಸ ಹೇಳಲು ಬರುವುದಿಲ್ಲ” ಎಂಬುದು ಅವರ ದೂರು. ಹೇಳುವವರು ನೆಟ್ಟಗೇ ಹೇಳುತ್ತಾರೆ, ಕೇಳುವ ಕಡೆ ಕುಳಿತವರಿಗೆ ಆ ಊರಿನ ಮಾತು ತಿಳಿಯದು ಎಂಬುದು ನನ್ನ ವಾದ.

ಕಚೇರಿಯ ಕನ್ನಡವನ್ನೇ ಮೊದಲು ನೋಡಿ. ವಾರಕ್ಕೊಮ್ಮೆಯಾದರೂ ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆ ಬರುತ್ತದೆ: ತುರ್ತು ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವ ಪ್ರಯುಕ್ತ ಇಂಥಿಂಥ ಫೀಡರುಗಳ ವ್ಯಾಪ್ತಿಯಲ್ಲಿ ವಿದ್ಯುತ್ ವ್ಯತ್ಯಯ ಉಂಟಾಗಲಿದ್ದು ಗ್ರಾಹಕರು ಸಹಕರಿಸಬೇಕಾಗಿ ಕೋರಿದೆ, ಎಂದು. ವ್ಯತ್ಯಯ! ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವವನಿಗೆ ಈ ಶಬ್ದದ ಮೇಲೆ ಸ್ವಲ್ಪ ಅಧಿಕಾರವಿದೆಯೆಂದುಕೊಂಡು ಹೇಳುತ್ತೇನೆ. ಒಂದರ ಜಾಗದಲ್ಲಿ ಇನ್ನೊಂದು ಬರುವುದನ್ನು ಸಂಸ್ಕೃತ ವೈಯಾಕರಣರು ವ್ಯತ್ಯಯವೆಂದರು. ನಮ್ಮೂರಲ್ಲಿ ಕರೆಂಟಿನ ಜಾಗದಲ್ಲಿ ಏನೂ ಬರುವುದಿಲ್ಲ. ಕರೆಂಟು ಹೋಗುತ್ತದೆ, ಅಷ್ಟೆ. “ಮಂಗಳವಾರ ಬೆಳಿಗ್ಗೆ ೧೦ರಿಂದ ಸಂಜೆ ೫ರವರೆಗೆ ಹಳೇ ಸಂತೆಮಾಳ, ಗಾಣಿಗರ ಬೀದಿ, ಬಸ್ ನಿಲ್ದಾಣದ ಹಿಂಭಾಗಕ್ಕೆ ಕರೆಂಟು ಇರುವುದಿಲ್ಲ” ಎಂದು ಬರೆದರೆ ಯಾವ ಕಾಯಿದೆ ಮುರಿದುಬೀಳುತ್ತದೆ? ಮನೆಯಲ್ಲಿ ಮುದುಕರೊಬ್ಬರು ಆಮ್ಲಜನಕದ ಯಂತ್ರದ ಮೇಲೆ ಉಸಿರಾಡುತ್ತಿದ್ದಾರೆನ್ನಿ. ಆ ಮನೆಯ ಸೊಸೆಗೆ ತನ್ನ ಮನೆ ಯಾವ ಫೀಡರಿನ ಕೆಳಗಿದೆ ಎಂಬುದು ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ಕಂಬ ಹತ್ತುವವರಿಗೆ. ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯಿದೆ ೧೯೬೩ರಲ್ಲೇ ಬಂತು. ಕಡತಕ್ಕೆ ಕನ್ನಡ ಬಂದದ್ದೇನೋ ನಿಜ. ಆ ಕನ್ನಡ ಕಡತದಿಂದ ಇಳಿದು ಬೀದಿಗೆ ಬಂದಿಲ್ಲ.

ಇನ್ನು ದೂರವಾಣಿಯ ಕಡೆ. ಹೋದ ಮುಂಗಾರಿನಲ್ಲಿ ನಮ್ಮ ಬೀದಿಯ ತುದಿಯಲ್ಲಿ ತಂತಿ ಕಡಿದು ನಿಂತ ನೀರಿನಲ್ಲಿ ಬಿತ್ತು. ಶಾಲೆ ಬಿಡುವ ಹೊತ್ತು. ನಾನು ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ “ಸರ್, ನಿಮ್ಮ ಆರ್.ಆರ್. ನಂಬರ್ ಹೇಳಿ” ಎಂದಳು. ಕಡಿದುಬಿದ್ದ ತಂತಿಗೆ ಆರ್.ಆರ್. ನಂಬರು ಇರುವುದಿಲ್ಲ ತಾಯಿ, ಎಂದೆ. ಹಾಗಾದರೆ ಉಪವಿಭಾಗ ಯಾವುದು, ಶಾಖೆ ಯಾವುದು ಎಂದಳು. ಅವಳ ತಪ್ಪೇನೂ ಇಲ್ಲ. ಎದುರಿನ ಪರದೆಯ ಮೇಲೆ ಇರುವ ಖಾನೆಗಳನ್ನು ಅವಳು ತುಂಬಲೇಬೇಕು. ಅಷ್ಟರಲ್ಲಿ ಮೂಲೆಯ ಚಹಾ ಅಂಗಡಿಯವರು ಎರಡು ಬೀದಿ ಆಚೆ ಇರುವ ಲೈನ್‌ಮನ್ನರಿಗೆ “ಅಣ್ಣಾ, ಅರಳಿಕಟ್ಟೆ ಹತ್ರ ತಂತಿ ಬಿದ್ದೈತೆ” ಎಂದು ಒಂದೇ ಮಾತು ಹೇಳಿದ್ದರು. ಅವರು ಬಂದು ಟ್ರಾನ್ಸ್‌ಫಾರ್ಮರ್ ಬಳಿ ಲೈನು ತೆಗೆದ ಮೇಲೆ ನಾವು ಮಕ್ಕಳ ಕೈ ಬಿಟ್ಟೆವು. (ಈಗ ಕಾಗದದ ಮೇಲೆ ಅವರು ಪವರ್‌ಮ್ಯಾನ್. ಹೆಸರು ದೊಡ್ಡದಾಯಿತು; ಕೈಕೆಳಗೆ ಏಣಿ ಹಿಡಿಯುವವರು ಕಡಮೆಯಾದರು.)

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳುವವನು ನಾನಲ್ಲ. ೨೦೦೮ರ ನವೆಂಬರ್ ಒಂದರಂದು ನಮ್ಮ ರಾಜ್ಯದಲ್ಲಿ ೧೦೮ರ ಆಂಬುಲೆನ್ಸು ಆರಂಭವಾಗುವ ಮುನ್ನ ತಾಲ್ಲೂಕಿನ ಊರುಗಳಲ್ಲಿ ಹೆರಿಗೆ ನೋವಿನ ಹೆಂಗಸನ್ನು ಹೇಗೆ ಸಾಗಿಸುತ್ತಿದ್ದರೆಂಬುದು ನೆನಪಿರುವವರು ಅದನ್ನು ಹಳಿಯಲಾರರು. ಆಸ್ಪತ್ರೆಯ ಜೀಪು ಕೆಟ್ಟಿರುತ್ತಿತ್ತು. ಮೆಟಡೋರಿನವರ ಮನೆಯ ಬಾಗಿಲು ಬಡಿಯಬೇಕಿತ್ತು. ೧೦೮ ಎಷ್ಟೋ ಮನೆಗಳ ದೀಪ ಉಳಿಸಿದೆ. ನನ್ನ ಜಗಳ ಗಾಡಿಯ ಮೇಲಲ್ಲ. ಕರೆಯನ್ನು ದೂರದೂರಿನ ಕೊಠಡಿಗೆ ಒಯ್ದವರು ಊರಿನ ತಿಳಿವಳಿಕೆಯನ್ನು ಜೊತೆಗೆ ಒಯ್ಯಲಿಲ್ಲವಲ್ಲ, ಅದರ ಮೇಲೆ.

ನಮ್ಮಂಥ ಊರುಗಳಲ್ಲಿ ವಿಳಾಸವೆಂದರೆ ಏನು? ಟೂರಿಂಗ್ ಟಾಕೀಸಿನ ಬಯಲು ಎನ್ನುತ್ತೇವೆ. ಡೇರೆ ಎತ್ತಿ ಮೂವತ್ತು ವರ್ಷವಾಗಿರಬಹುದು, ಅಲ್ಲೀಗ ಕಲ್ಯಾಣ ಮಂಟಪ ನಿಂತಿದೆ. ಮುರುಕು ಬಾವಿ ಓಣಿಯಲ್ಲಿ ಬಾವಿಯಿಲ್ಲ. ಪುರಸಭೆಯವರು ಮಹಾಪುರುಷರ ಹೆಸರಿನ ಹಲಗೆ ನೆಟ್ಟ ರಸ್ತೆಯನ್ನು ಆ ರಸ್ತೆಯಲ್ಲಿ ಹುಟ್ಟಿ ಬೆಳೆದವರೂ ಆ ಹೆಸರಿನಿಂದ ಕರೆಯುವುದಿಲ್ಲ. ಗಂಡ ಎದೆ ಹಿಡಿದುಕೊಂಡು ಕುಸಿದ ರಾತ್ರಿ ಆ ಹೆಂಡತಿಯ ಬಾಯಿಗೆ ಬರುವುದು ‘ಮುರುಕು ಬಾವಿ ಓಣಿ’ಯೇ ಹೊರತು ‘ವಾರ್ಡು ೧೧, ೩ನೆಯ ಅಡ್ಡರಸ್ತೆ’ಯಲ್ಲ. ಆಪತ್ತಿನಲ್ಲಿ ಮನುಷ್ಯ ತಾಯ್ನುಡಿಗೆ ಮರಳುತ್ತಾನೆಂದು ಹೇಳುತ್ತೇವಷ್ಟೆ. ಊರಿನ ಹೆಸರುಗಳೂ ಆ ತಾಯ್ನುಡಿಯ ಭಾಗ. ಆ ಹೆಸರನ್ನು ಅವಳು ಮೂರು ಸಲ ಹೇಳುತ್ತಾಳೆ, ಆ ಕಡೆಯವರು ಮೂರು ಸಲ “ಲ್ಯಾಂಡ್‌ಮಾರ್ಕ್ ಹೇಳಿ ಮೇಡಂ” ಎನ್ನುತ್ತಾರೆ.

ಈಗ ಯಂತ್ರವೇ ಜಾಗ ಗುರುತಿಸುತ್ತದೆ, ಉಪಗ್ರಹವೇ ದಾರಿ ತೋರುತ್ತದೆ, ನೀವೆಲ್ಲಿದ್ದೀರಿ ಮೇಷ್ಟ್ರೇ, ಎಂದು ಕೆಲವರು ನಗಬಹುದು. ನಗಲಿ. ಉಪಗ್ರಹ ಚುಕ್ಕಿಯನ್ನು ತೋರಿಸುತ್ತದೆ. ಆ ಚುಕ್ಕಿಗೆ ಹೋಗುವ ಓಣಿ ಎರಡು ಸೈಕಲ್ಲಿನಗಲ ಇದೆ, ಗಾಡಿಯನ್ನು ಮಸೀದಿಯ ಮುಂದೆ ನಿಲ್ಲಿಸಿ ಸ್ಟ್ರೆಚರನ್ನು ಹೊತ್ತೇ ಹೋಗಬೇಕು, ಜಾತ್ರೆಯ ವಾರ ಆ ದಾರಿಯೇ ಮುಚ್ಚಿರುತ್ತದೆ, ಇವನ್ನೆಲ್ಲ ಅದಕ್ಕೆ ಯಾರು ಹೇಳಬೇಕು? ಅಲ್ಲದೆ ಗುಂಡಿ ಒತ್ತುವ ಹಳೆಯ ಫೋನನ್ನೇ ಸೆರಗಿನಲ್ಲಿ ಕಟ್ಟಿಕೊಂಡ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ.

ಬೆಂಕಿಯ ವಿಷಯ ಇದಕ್ಕಿಂತ ಗಂಭೀರ. ಸಾಧಾರಣ ಅಗ್ನಿಶಾಮಕ ಗಾಡಿಯೊಂದು ಸುಮಾರು ೪,೫೦೦ ಲೀಟರು ನೀರು ಹೊರುತ್ತದೆ. ದೊಡ್ಡ ಪಂಪು ಹಾಕಿದರೆ ಅದು ಕೆಲವೇ ನಿಮಿಷದ ಬಾಳು. ಆಮೇಲೆ? ಮತ್ತೆ ನೀರು ತುಂಬಿಕೊಳ್ಳಬೇಕು. ಹಿಂದೆ ಊರ ಮುಂದೆ ಕೆರೆಯಿರುತ್ತಿತ್ತು. ಎಷ್ಟೋ ಊರುಗಳಲ್ಲಿ ಅದನ್ನು ಮುಚ್ಚಿ ಬಸ್ ನಿಲ್ದಾಣ ಮಾಡಿ ಪ್ರಗತಿ ಎಂದೆವು. ಈಗ ಉಳಿದದ್ದು ಪುರಸಭೆಯ ಮೇಲ್ತೊಟ್ಟಿ ಮತ್ತು ಕೊಳವೆ ಬಾವಿ. ನಲ್ಲಿಯಲ್ಲಿ ನೀರು ಬರುವುದು ಸರದಿಯ ಮೇಲೆ, ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ. ಯಾವ ತೊಟ್ಟಿಯಲ್ಲಿ ಈ ಹೊತ್ತು ನೀರಿದೆ, ಯಾವ ವಾಲ್ವು ತಿರುಗಿಸಿದರೆ ಯಾವ ಬೀದಿಗೆ ಬರುತ್ತದೆ ಎಂಬುದು ಒಬ್ಬರಿಗೆ ಮಾತ್ರ ಗೊತ್ತು: ನೀರು ಬಿಡುವವರಿಗೆ. ಹಳ್ಳಿಯ ಕೆರೆಗೆ ನೀರುಗಂಟಿಯಿದ್ದಂತೆ ಪಟ್ಟಣದ ಕೊಳವೆಗೆ ಇವರು. ಅನೇಕ ಕಡೆ ಇವರದು ಹೊರಗುತ್ತಿಗೆಯ ಕೆಲಸ, ಸಂಬಳ ತಡ. ಇವರ ಫೋನಿನ ನಂಬರು ಅಗ್ನಿಶಾಮಕ ಠಾಣೆಯ ಗೋಡೆಯ ಮೇಲೆ ಬರೆದಿದೆಯೇ? ನಿಮ್ಮೂರ ಠಾಣೆಗೆ ಒಮ್ಮೆ ಹೋಗಿ ನೋಡಿ. ಠಾಣೆಯಿರುವ ಊರಾದರೆ, ಎನ್ನಿ.

ಹೀಗಾಗುವುದಕ್ಕೆ ಕಾರಣವಿದೆ. ಸಂವಿಧಾನದ ೭೪ನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ ಊರಾಡಳಿತಗಳಿಗೆ ಕೊಡಬಹುದಾದ ೧೮ ವಿಷಯಗಳ ಪಟ್ಟಿ ಸೇರಿತು. ಕುಡಿಯುವ ನೀರು ಅದರಲ್ಲಿದೆ, ಬೀದಿ ದೀಪವಿದೆ, ಅಗ್ನಿಶಾಮಕ ಸೇವೆಯೂ ಇದೆ. ನಮ್ಮಲ್ಲಿ ಅಗ್ನಿಶಾಮಕ ರಾಜ್ಯದ ಇಲಾಖೆಯಾಗಿಯೇ ಉಳಿಯಿತು. ವಿದ್ಯುತ್ತು ಮಂಡಳಿಯಿಂದ ೧೯೯೯ರಲ್ಲಿ ನಿಗಮಕ್ಕೆ, ೨೦೦೨ರಲ್ಲಿ ಹಂಚಿಕೆ ಕಂಪನಿಗಳಿಗೆ ಹೋಯಿತು. ಒಂದೊಂದು ಸೇವೆಯ ಯಜಮಾನರೂ ಒಂದೊಂದು ದಿಕ್ಕಿನಲ್ಲಿದ್ದಾರೆ. ಎಲ್ಲವೂ ಕೂಡುವ ಜಾಗವೆಂದರೆ ಚಹಾ ಅಂಗಡಿ. ಊರಿನ ಕೌನ್ಸಿಲರು ಅಲ್ಲಿಯೇ ಸಿಗುತ್ತಾರೆ, ಆದರೆ ಆಂಬುಲೆನ್ಸಿನ ಬಗ್ಗೆ ಕೇಳಿದರೆ ಅವರ ಕೈಯಲ್ಲಿ ಅಧಿಕಾರವಿಲ್ಲ.

ಕನ್ನಡದ ಅಭಿಮಾನಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಅಂಗಡಿಯ ನಾಮಫಲಕದಲ್ಲಿ ಶೇಕಡ ೬೦ರಷ್ಟು ಕನ್ನಡವಿರಬೇಕೆಂದು ೨೦೨೪ರಲ್ಲಿ ಕಾಯಿದೆಯನ್ನು ತಿದ್ದಿಸಿಕೊಂಡೆವು. ಒಳ್ಳೆಯದೇ. ಆದರೆ ಬಟ್ಟೆ ಅಂಗಡಿಯ ಹೆಸರು ಓದಲಾಗದೆ ಯಾರೂ ಸತ್ತಿಲ್ಲ. ವಿದ್ಯುತ್ ಬಿಲ್ಲಿನ, ನೀರಿನ ನೋಟೀಸಿನ, ಸಹಾಯವಾಣಿಯ ಕನ್ನಡಕ್ಕಾಗಿ ಒಂದು ಮೆರವಣಿಗೆ ಹೊರಟದ್ದನ್ನು ನಾನು ಕಂಡಿಲ್ಲ. ಅಳತೆಪಟ್ಟಿ ಹಿಡಿದು ಅಕ್ಷರದ ಎತ್ತರ ಅಳೆಯುವ ಉತ್ಸಾಹದ ಹತ್ತನೆಯ ಒಂದು ಪಾಲು ಇತ್ತ ತಿರುಗಿದ್ದರೆ ‘ವ್ಯತ್ಯಯ’ ಈ ಹೊತ್ತಿಗೆ ನಿಘಂಟಿನೊಳಗೆ ಸುಖವಾಗಿ ನಿದ್ರಿಸುತ್ತಿತ್ತು.

ನಮ್ಮ ಕನ್ನಡ ವಿಭಾಗಗಳಿಗೆ ಸ್ಥಳನಾಮ ಸಂಶೋಧನೆಯೆಂದರೆ ಬಹಳ ಪ್ರೀತಿ. ಯಾವ ಓಣಿಗೆ ಯಾವ ಹೆಸರು ಏಕೆ ಬಂತೆಂದು ಬರೆದು ಪದವಿ ಪಡೆದ ಮಹಾಪ್ರಬಂಧಗಳು ಗ್ರಂಥಾಲಯಗಳಲ್ಲಿ ಸಾಲುಗಟ್ಟಿ ನಿಂತಿವೆ. ಸಾಹಿತ್ಯ ಪರಿಷತ್ತಿನ ಘಟಕಗಳು ತಾಲ್ಲೂಕುಗಳಲ್ಲೂ ಇವೆ, ಸಮ್ಮೇಳನ ನಡೆಸುತ್ತವೆ. ಮುಂದಿನ ಸಮ್ಮೇಳನದಲ್ಲಿ ಒಂದು ಕವಿಗೋಷ್ಠಿ ಕಡಮೆ ಮಾಡಿ, ಕಾಲೇಜಿನ ಹತ್ತು ಹುಡುಗ ಹುಡುಗಿಯರನ್ನು ಲೈನ್‌ಮನ್, ನೀರು ಬಿಡುವವರು, ಅಂಚೆಯವರು, ಆಶಾ ಕಾರ್ಯಕರ್ತೆಯರ ಜೊತೆ ಊರು ಸುತ್ತಲು ಕಳಿಸಲಿ. ಜನ ಬಾಯಲ್ಲಿ ಹೇಳುವ ಹೆಸರು ಒಂದು ಕಡೆ, ಪುರಸಭೆಯ ಹೆಸರು ಇನ್ನೊಂದು ಕಡೆ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಯಾವ ಕಂಬ, ಯಾವ ವಾಲ್ವು, ರಾತ್ರಿ ಯಾರಿಗೆ ಫೋನು ಮಾಡಬೇಕು, ಇಷ್ಟನ್ನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದು ತರಲಿ. ಒಂದು ಪ್ರತಿ ಪುರಸಭೆಗೆ, ಒಂದು ಅಗ್ನಿಶಾಮಕ ಠಾಣೆಗೆ, ಒಂದು ವಿದ್ಯುತ್ ಕಚೇರಿಗೆ, ಒಂದು ಆ ದೂರದ ಕೊಠಡಿಗೆ. ಗ್ರಂಥಾಲಯಕ್ಕೆ ಕಳಿಸದಿದ್ದರೂ ನಡೆದೀತು.