ಮೀಟರಿನೊಳಗಣ ಸಿ ಲೈಬ್ರರಿ

ಹಳೆಯ ವಿದ್ಯುತ್ ಮೀಟರುಗಳನ್ನು ತೆಗೆದು ಸ್ಮಾರ್ಟ್ ಮೀಟರುಗಳನ್ನು ಕೂರಿಸುವ ಕಾರ್ಯವು ದೇಶದ ನಾನಾ ಭಾಗಗಳಲ್ಲಿ ನಡೆಯುತ್ತಿರುವುದು. 2021ರಲ್ಲಿ ಕೇಂದ್ರ ಸರ್ಕಾರದವರು ಮಂಜೂರು ಮಾಡಿದ ಯೋಜನೆಯಲ್ಲಿ ಇಂತಹ 25 ಕೋಟಿ ಮೀಟರುಗಳ ಗುರಿಯನ್ನು ಇಡಲಾಗಿತ್ತು. ಅವುಗಳ ಬೆಲೆಯೇನು, ಗುತ್ತಿಗೆ ಯಾರಿಗೆ, ಬಳಕೆದಾರನ ಮೇಲೆ ಬೀಳುವ ಹೊರೆಯೆಷ್ಟು ಎಂಬ ವಾದವು ನಡೆದಿದೆ, ನಡೆಯತಕ್ಕದ್ದೇ. ಆದರೆ ನಾವು ಇಂದು ಅಧಿಕಾರಿಗಳ ಲಕ್ಷ್ಯಕ್ಕೆ ತರಬಯಸುವ ಪ್ರಶ್ನೆಯು ಬೇರೆ. ಇಂತಹ ಯಂತ್ರದೊಳಗೆ ಓಡುವ ಪ್ರೋಗ್ರಾಮಿಗೆ ಜೋಡಿಸಿರುವ ಸಿ ಲೈಬ್ರರಿ ಯಾವುದು? ಅದನ್ನು ಕಟ್ಟುವಾಗ ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು? ಬಿಟ್ಟವರು ಯಾರು?

ಇದು ತಂತ್ರಜ್ಞರ ಮಾತೆಂದು ವಾಚಕರು ಪುಟವನ್ನು ಮಗುಚಬಾರದಾಗಿ ವಿನಂತಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ರಚಿಸಿದ ಸಿ ಭಾಷೆಯು ಸ್ವತಃ ಬಹು ಸಂಕ್ಷೇಪವಾದುದು. ಒಂದು ಅಂಕಿಯನ್ನು ಪರದೆಯ ಮೇಲೆ ತೋರಿಸುವುದು, ಕಾಲವನ್ನು ತಿಳಿಯುವುದು, ಅಕ್ಷರಗಳನ್ನು ಎಣಿಸುವುದು ಇವೆಲ್ಲವೂ ಭಾಷೆಯ ಸ್ವಂತ ಸಾಮರ್ಥ್ಯವಲ್ಲ; ಲೈಬ್ರರಿಯು ಒದಗಿಸಿದ ಸಾಮರ್ಥ್ಯ. ಮೀಟರಿನಂತಹ ಅಲ್ಪಶಕ್ತಿಯ ಯಂತ್ರವು ತನ್ನ ಪ್ರೋಗ್ರಾಮನ್ನು ತಾನೇ ಸಿದ್ಧಪಡಿಸಿಕೊಳ್ಳಲಾರದಾದ್ದರಿಂದ, ದೊಡ್ಡ ಗಣಕದಲ್ಲಿ ಕುಳಿತು ಸಣ್ಣ ಗಣಕಕ್ಕಾಗಿ ಕೆಲಸ ಮಾಡುವ ಕ್ರಾಸ್ ಕಂಪೈಲರ್ ಎಂಬುದನ್ನು ಮೊದಲು ಕಟ್ಟಬೇಕು. ಇಲ್ಲಿ ಬೀಜವೃಕ್ಷನ್ಯಾಯವೇ ಎದುರಾಗುವುದು. ಲೈಬ್ರರಿಯನ್ನು ಕಟ್ಟಲು ಕಂಪೈಲರ್ ಬೇಕು. ಕಂಪೈಲರ್ ಪೂರ್ಣವಾಗಲು ಲೈಬ್ರರಿ ಬೇಕು. ಆದಕಾರಣ ಮೊದಲು ಅರೆಬರೆಯ ಕಂಪೈಲರನ್ನು ಮಾಡಿ, ಅದರಿಂದ ಲೈಬ್ರರಿಯನ್ನು ಕಟ್ಟಿ, ಆ ಲೈಬ್ರರಿಯ ನೆರವಿನಿಂದ ಕಂಪೈಲರನ್ನು ಮತ್ತೊಮ್ಮೆ ಸಂಪೂರ್ಣಗೊಳಿಸುವ ಪದ್ಧತಿಯುಂಟು. ಹಿಂದೆ ಈ ಕೆಲಸಕ್ಕೆ ನಿಪುಣರೂ ದಿನಗಟ್ಟಲೆ ತಿಣುಕುತ್ತಿದ್ದರು. ಈಗ ಕ್ರಾಸ್‌ಟೂಲ್-ಎನ್‌ಜಿ, ಬಿಲ್ಡ್‌ರೂಟ್ ಮೊದಲಾದ ಸಾಧನಗಳು ಬಂದು, ಪಟ್ಟಿಯಲ್ಲಿ ಗುರುತು ಮಾಡಿದರೆ ಸಾಕೆಂಬಷ್ಟು ಸುಲಭವಾಗಿದೆ. ಸುಲಭವಾದುದು ಸಂತೋಷವೇ, ಆದರೆ ಪಟ್ಟಿಯನ್ನು ಓದದೆಯೇ ಮುಂದಕ್ಕೆ ಹೋಗುವ ಅಭ್ಯಾಸವೂ ಅದರೊಡನೆಯೇ ಬೆಳೆದಿರುವುದು ಶೋಚನೀಯ.

ಲೈಬ್ರರಿಗಳು ಹಲವು. ವಿಸ್ತಾರವಾದ ಗ್ಲಿಬ್‌ಸಿ ಒಂದು; 2011ರಲ್ಲಿ ರಿಚ್ ಫೆಲ್ಕರ್ ಅವರು ಹೊರತಂದ ಮಿತವಾದ ಮಸಲ್ ಒಂದು; ಸಣ್ಣ ಲಿನಕ್ಸ್ ಯಂತ್ರಗಳಿಗಾಗಿಯೇ ಹುಟ್ಟಿದ ಯುಸಿಲಿಬ್‌ಸಿ ಒಂದು; ಲಿನಕ್ಸ್ ಕೂಡ ಇಲ್ಲದ ಬರಿಯ ಚಿಪ್ಪುಗಳಿಗೆ ನ್ಯೂಲಿಬ್. ಇವುಗಳಲ್ಲಿ ಶ್ರೇಷ್ಠವಾವುದೆಂಬ ಜಗಳಕ್ಕೆ ನಾವು ಹೋಗುವುದಿಲ್ಲ. ನ್ಯೂಲಿಬ್‌ನ ಸಂಕ್ಷಿಪ್ತ ರೂಪವಾದ ನ್ಯಾನೋವನ್ನು ಜೋಡಿಸಿದಾಗ ದಶಾಂಶ ಸಂಖ್ಯೆಗಳನ್ನು ಅಚ್ಚಿಸುವ ಭಾಗವು, ಬೇಕೆಂದು ಪ್ರತ್ಯೇಕವಾಗಿ ಕೇಳಿದ ಹೊರತು, ಒಳಗೆ ಬರುವುದಿಲ್ಲ. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಕಂಪೈಲರ್ ತಕರಾರು ಹೇಳಲಿಲ್ಲ, ಆದರೂ 12.75 ಎಂದು ಕಾಣಬೇಕಾದೆಡೆಯಲ್ಲಿ ಏನೂ ಕಾಣುವುದಿಲ್ಲ! ಯುಸಿಲಿಬ್‌ಸಿಯಲ್ಲಿಯಾದರೋ ವಿಶಾಲಾಕ್ಷರಗಳ ಬೆಂಬಲವನ್ನೇ ತೆಗೆದುಹಾಕಲು ಅವಕಾಶವಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಆ ಬೆಂಬಲವನ್ನು ತೆಗೆದ ಲೈಬ್ರರಿಯು ನಮ್ಮ ಲಿಪಿಯನ್ನು ಬೈಟುಗಳ ಸಾಲೆಂದು ಸಾಗಿಸೀತೇ ಹೊರತು ಅಕ್ಷರಗಳೆಂದು ಎಣಿಸಲಾರದು. ಮೀಟರು ಕನ್ನಡದಲ್ಲಿ ಮಾತನಾಡಬೇಕೆಂದು ಮುಂದೊಂದು ದಿನ ಆಜ್ಞೆ ಹೊರಟರೆ, ಕೆಲವು ಕಿಲೋಬೈಟುಗಳ ಉಳಿತಾಯಕ್ಕಾಗಿ ಹಿಂದೆಂದೋ ಮಾಡಿದ ಒಂದು ಗುರುತು ಅಡ್ಡ ನಿಲ್ಲುವುದು.

ಇವೆಲ್ಲಕ್ಕಿಂತ ಗಹನವಾದುದು ಕಾಲದ ಲೆಕ್ಕ. ಸಿ ಲೈಬ್ರರಿಯು ಸಾಮಾನ್ಯವಾಗಿ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತದೆ. ಈ ಎಣಿಕೆಗೆ 32 ಬಿಟ್‌ಗಳ ಸ್ಥಳವನ್ನಷ್ಟೇ ಕೊಟ್ಟಿದ್ದರೆ, 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬಿ, ಮರುಕ್ಷಣವೇ 1901ರ ಡಿಸೆಂಬರಿಗೆ ಹಿಂದಿರುಗುವುದು. ಮಸಲ್ ಲೈಬ್ರರಿಯವರು 2020ರಲ್ಲಿ ಈ ಸ್ಥಳವನ್ನು ಎಲ್ಲ ಯಂತ್ರಗಳಿಗೂ 64 ಬಿಟ್‌ಗಳಿಗೆ ಏರಿಸಿದರು. ಗ್ಲಿಬ್‌ಸಿಯವರು 2021ರಲ್ಲಿ ಹಳೆಯ 32 ಬಿಟ್ ಯಂತ್ರಗಳಿಗೂ ಆ ಸೌಕರ್ಯವನ್ನು ಕೊಟ್ಟರಾದರೂ, ಬೇಕೆಂದು ಕೇಳಿಕೊಂಡವರಿಗೆ ಮಾತ್ರ. ನ್ಯೂಲಿಬ್‌ನಲ್ಲಿ ಈಗ 64 ಬಿಟ್‌ಗಳೇ ವಾಡಿಕೆ. ಆದರೆ ಕಿರಿದಾಗಿಸುವ ಆಯ್ಕೆಯೂ ಅಲ್ಲಿಯೇ ಇದೆ. ಹೀಗಿರಲು, ಹಳೆಯ ಟೂಲ್‌ಚೈನನ್ನೇ ನಕಲು ಮಾಡಿಕೊಂಡು ಕಟ್ಟಿದ ಯಂತ್ರವೊಂದು ಹನ್ನೆರಡು ಹದಿನೈದು ವರ್ಷ ಗೋಡೆಯ ಮೇಲಿರಬೇಕಾದರೆ, ಅದರ ಗತಿಯೇನು? ಸಮಯಕ್ಕೆ ತಕ್ಕಂತೆ ದರವನ್ನು ವಿಧಿಸುವ ಮೀಟರಿಗೆ ಸಮಯವೇ ತಪ್ಪಿದರೆ ಬಿಲ್ಲಿನ ನ್ಯಾಯವನ್ನು ಯಾರಲ್ಲಿ ಕೇಳೋಣ?

ಈಗ ಕೂರಿಸುತ್ತಿರುವ ಮೀಟರುಗಳಲ್ಲಿ ಈ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಇಲ್ಲವೆಂಬುದಕ್ಕೆ ಕೊಳ್ಳುವವನ ಕೈಯಲ್ಲಿ ಕಾಗದವಿರಬೇಕೆಂಬುದೇ ನಮ್ಮ ಮಾತು. ಸ್ಮೃತಿಯ ಸ್ಥಳ ಇಕ್ಕಟ್ಟಾದುದು, ಎಲ್ಲವನ್ನೂ ಇಟ್ಟುಕೊಳ್ಳಲಾಗದು ಎಂದು ತಯಾರಕರು ಹೇಳುವರು. ಒಪ್ಪಿದೆವು, ಬಿಟ್ಟದ್ದನ್ನು ಬರೆದುಕೊಡಲಿ. ವ್ಯಾಪಾರದ ಗುಟ್ಟೆಂದು ಹೇಳುವರು. ಇದನ್ನು ಒಪ್ಪಲಾಗದು; ಮೇಲೆ ಹೇಳಿದ ನಾಲ್ಕು ಲೈಬ್ರರಿಗಳ ಮೂಲವೂ ಲೋಕಕ್ಕೆಲ್ಲ ತೆರೆದಿರುವಾಗ, ಅವುಗಳನ್ನು ಕಟ್ಟಿದ ಆಯ್ಕೆಗಳ ಕಡತದಲ್ಲಿ ಗುಟ್ಟೇನಿದ್ದೀತು? ಆ ಕಡತವು ಬಹಳವಾದರೆ ಕೆಲವು ನೂರು ಸಾಲು. ಟೆಂಡರಿನ ಷರತ್ತುಗಳಲ್ಲಿ ಪೆಟ್ಟಿಗೆಯ ಬಣ್ಣ, ತಿರುಪಿನ ಅಳತೆಗಳನ್ನು ಬರೆಯುವ ಅಧಿಕಾರಿಗಳು ಇನ್ನು ಮೂರು ಸಾಲುಗಳನ್ನು ಸೇರಿಸಲಿ: ಲೈಬ್ರರಿಯ ಹೆಸರು ಮತ್ತು ಆವೃತ್ತಿ; ಅದನ್ನು ಕಟ್ಟಿದ ಕಡತ; 2038ರ ಜನವರಿ 19ನ್ನು ದಾಟಿಸಿ ಗಡಿಯಾರವನ್ನು ಓಡಿಸಿದ ಪರೀಕ್ಷೆಯ ವರದಿ. ಮುಂದಿನ ಟೆಂಡರು ಹೊರಡುವ ಮುನ್ನವೇ ವಿದ್ಯುತ್ ಸರಬರಾಜು ಸಂಸ್ಥೆಗಳವರು ಇದನ್ನು ಕೈಗೊಳ್ಳುವರೆಂದು ನಾವು ನಿರೀಕ್ಷಿಸುವೆವು.