ಕೌದಿಯ ಯಂತ್ರ ಯಾರ ಕೈಯಲ್ಲಿ?

ಅಮೆರಿಕದ ಮನೆಗಳಲ್ಲಿ ಕೌದಿಯ ತುಂಡು ಕತ್ತರಿಸಲು ಕೈಯಿಂದ ತಿರುಗಿಸುವ ಯಂತ್ರವೊಂದಿದೆ. ಉಕ್ಕಿನ ಅಲಗು ಕೂರಿಸಿದ ಅಚ್ಚಿನ ಮೇಲೆ ಹತ್ತಿಬಟ್ಟೆಯನ್ನು 5-6 ಪದರ ಹಾಸಿ, ಉರುಳೆಗಳ ನಡುವೆ ಹಾಯಿಸಿದರೆ ಒಂದೇ ಅಳತೆಯ ತುಂಡುಗಳು ಸಿದ್ಧ. ಯಂತ್ರವೆಂದೊಡನೆ ಗಿರಣಿ ಬಾಂಧವರು ಹುಬ್ಬುಗಂಟಿಕ್ಕುವುದು ಸಹಜವೇ. ಆದರೆ ಇದು ಕಸಿಯುವುದು ಕತ್ತರಿ ಹಿಡಿದ ಬೆರಳಿನ ನೋವನ್ನು. ಹೊಲಿಗೆ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಹಳೆ ಸೀರೆಯ ಚೂರುಗಳನ್ನು ಬಂದಂತೆ ಜೋಡಿಸುವ ನಮ್ಮ ಧಾರವಾಡ ಕಡೆಯ ಕೌದಿಗೆ ಇದು ಬೇಕಿಲ್ಲ, ನಿಜ. ಪೇಟೆಗೆ ಅಚ್ಚುಕಟ್ಟಾದ ಸರಕು ಒದಗಿಸುವಲ್ಲಿ ಬೇಕು. ಆಕಾರಕ್ಕೊಂದು ಅಚ್ಚು, ಅಚ್ಚಿಗೊಂದು ಬೆಲೆ! ಸಾಹುಕಾರ ಕೊಂಡರೆ ಹೊಲಿಯುವವಳು ಅವನ ಕೂಲಿಯಾಳು. ಆದ್ದರಿಂದ ಓಣಿಯ ಹತ್ತು ಹೆಂಗಸರು ಸಹಕಾರಿ ಸಂಘ ಕಟ್ಟಿ ಯಂತ್ರ ಕೊಳ್ಳಲಿ, ಬಟ್ಟೆ ಅಂಗಡಿಯವರು ಉಳಿದ ತುಣುಕುಗಳನ್ನು ಮೊದಲು ಅವರಿಗೇ ಕೊಡಲಿ ಎಂದು ನಾವು ಕೇಳುತ್ತೇವೆ.