ಶಂಕರಘಟ್ಟದ ಬಿ.ಇಡಿ.ಯೂ ನಮ್ಮ ಶಾಲೆಗಳ ಶಿಕ್ಷಕರೂ

ಪದವಿ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಶಿವಮೊಗ್ಗ ಮತ್ತು ಭದ್ರಾವತಿ ಕಡೆಯ ಧರ್ಮಕೇಂದ್ರಗಳಲ್ಲಿ ಪ್ರತಿ ವರ್ಷವೂ ಕೇಳಿಬರುವ ಪ್ರಶ್ನೆ ಒಂದೇ: "ಫಾದರ್, ಮಗಳನ್ನು ಬಿ.ಇಡಿ.ಗೆ ಕಳುಹಿಸೋಣವೇ?" 2015ಕ್ಕೆ ಮೊದಲು ಇದಕ್ಕೆ ಉತ್ತರ ಸುಲಭವಾಗಿತ್ತು. ಒಂದು ವರ್ಷ ಓದಿದರೆ ಸಾಕು, ಹತ್ತಿರದ ಯಾವುದಾದರೊಂದು ಶಾಲೆಯಲ್ಲಿ ಕೆಲಸ ಸಿಗುತ್ತದೆ ಎಂದು ಹೇಳಿಬಿಡಬಹುದಿತ್ತು. ಈಗ ಹಾಗೆ ಹೇಳುವಂತಿಲ್ಲ. ಶಿಕ್ಷಕರ ಶಿಕ್ಷಣದ ನಿಯಮಗಳು ಒಂದರ ಹಿಂದೆ ಒಂದರಂತೆ ಬದಲಾಗುತ್ತಿವೆ, ಸುಪ್ರೀಂ ಕೋರ್ಟಿನ ತೀರ್ಪುಗಳೂ ಬಂದಿವೆ. ಇವುಗಳ ಬಿಸಿ ನಮ್ಮ ಶಾಲೆಗಳಿಗೂ ನಮ್ಮ ಮನೆಗಳಿಗೂ ತಟ್ಟುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮಲೆನಾಡಿನ ಕಡೆ ಈ ಮಾತೆಲ್ಲ ಶುರುವಾಗುವುದು ಕುವೆಂಪು ವಿಶ್ವವಿದ್ಯಾನಿಲಯದಿಂದ. 1987ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯದ ಕೇಂದ್ರ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಆವರಣಕ್ಕೆ ಜ್ಞಾನಸಹ್ಯಾದ್ರಿ ಎಂದು ಹೆಸರು. ಅಲ್ಲಿನ ಶಿಕ್ಷಣ ವಿಭಾಗ ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆ ನಡೆಸುತ್ತದೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬಿ.ಇಡಿ. ಕಾಲೇಜುಗಳ ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಈ ವಿಶ್ವವಿದ್ಯಾನಿಲಯದ ಕೈಯಲ್ಲಿವೆ. ಮೊದಲು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೂ ಇದರ ವ್ಯಾಪ್ತಿಯಲ್ಲಿದ್ದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಪ್ರತ್ಯೇಕವಾಯಿತು. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತಕ್ಕೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗಳು ಸೇರಿರುವುದರಿಂದ, ಒಂದೇ ಧರ್ಮಪ್ರಾಂತದ ಯುವಜನರು ಎರಡು ವಿಶ್ವವಿದ್ಯಾನಿಲಯಗಳ ವೇಳಾಪಟ್ಟಿಯನ್ನು ನೋಡಿಕೊಳ್ಳಬೇಕಾಗಿದೆ. ಯುವಜನರ ಶಿಬಿರಕ್ಕೆ ದಿನಾಂಕ ಗೊತ್ತುಪಡಿಸುವವರಿಗೆ ಈ ತೊಡಕು ಚೆನ್ನಾಗಿ ಗೊತ್ತಿದೆ!

ಶಿವಮೊಗ್ಗ ತಾಲ್ಲೂಕಿನ ಹೊಳಲೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಭತ್ತ, ಅಡಿಕೆ ಬೆಳೆಯುವ ಊರು. ಅಂಥ ಊರಿನ ಒಬ್ಬ ಹುಡುಗಿ ಬಿ.ಎ. ಅಥವಾ ಬಿ.ಎಸ್ಸಿ. ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ಶಿವಮೊಗ್ಗದ ಬಿ.ಇಡಿ. ಕಾಲೇಜಿಗೆ ಅವಳು ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು. ಎಂ.ಇಡಿ. ಮಾಡಲು ಶಂಕರಘಟ್ಟಕ್ಕೇ ಹೋಗಬೇಕೆಂದರೆ ಶಿವಮೊಗ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಇಲ್ಲವೇ ಹಾಸ್ಟೆಲ್ ನೋಡಬೇಕು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ ತಂದೆಯ ನೌಕರಿ ಮಕ್ಕಳಿಗೂ ಸಿಕ್ಕೀತೆಂಬ ಆಸೆ ಎಷ್ಟೋ ಮನೆಗಳಲ್ಲಿ ಉಳಿದಿಲ್ಲ. ಶಿಕ್ಷಕ ವೃತ್ತಿಯ ಮೇಲೆ ಇಷ್ಟೊಂದು ಭರವಸೆ ಇಡಲು ಇದೂ ಒಂದು ಕಾರಣ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಶಿಕ್ಷಕರ ಶಿಕ್ಷಣದ ಗುಣಮಟ್ಟವನ್ನು ಪರಿಶೀಲಿಸಲು ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಾವಳಿ ತಂದು, 2015ರಿಂದ ಬಿ.ಇಡಿ.ಯನ್ನು ಎರಡು ವರ್ಷಗಳಿಗೆ ವಿಸ್ತರಿಸಿತು. ವಿದ್ಯಾರ್ಥಿಗಳು ಶಾಲೆಗಳಲ್ಲಿ ಕಡ್ಡಾಯವಾಗಿ ಕಳೆಯಬೇಕಾದ ಅವಧಿಯನ್ನು 20 ವಾರಗಳಿಗೆ ಏರಿಸಿತು. ಇದು ಒಳ್ಳೆಯ ಹೆಜ್ಜೆಯೇ ಆಗಿತ್ತು. ಕೆಲವೇ ಪಾಠ ಮಾಡಿ, ಒಂದಷ್ಟು ಚಾರ್ಟ್ ಬರೆದು ಶಿಕ್ಷಕರಾಗುತ್ತಿದ್ದ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಆದರೆ ಬಡ ಕುಟುಂಬಗಳಿಗೆ ಖರ್ಚು ಇಮ್ಮಡಿಯಾಯಿತೆಂಬುದನ್ನು ಮರೆಯಬಾರದು.

ಆಮೇಲೆ ಬಂದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿ. 2030ರ ಹೊತ್ತಿಗೆ ಶಾಲಾ ಶಿಕ್ಷಕರಾಗಲು ಕನಿಷ್ಠ ಅರ್ಹತೆ ನಾಲ್ಕು ವರ್ಷಗಳ ಸಮಗ್ರ ಬಿ.ಇಡಿ. ಆಗಬೇಕೆಂದು ಅದು ಹೇಳುತ್ತದೆ. ಪಿಯುಸಿ ಆದ ಕೂಡಲೇ ಸೇರಿ, ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಒಟ್ಟಿಗೆ ಮುಗಿಸುವ ಕ್ರಮವಿದು. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇಂಥ ನಾಲ್ಕು ವರ್ಷಗಳ ಶಿಕ್ಷಣ ದಶಕಗಳಿಂದ ನಡೆದುಬಂದಿದೆ. ಹೊಸ ಸಮಗ್ರ ಶಿಕ್ಷಣ 2023ರಿಂದ ದೇಶದ ಆಯ್ದ ಸಂಸ್ಥೆಗಳಲ್ಲಿ ಶುರುವಾಯಿತು. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯಿದೆ, ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಪಿಯುಸಿ ಓದುತ್ತಿರುವ ಮಕ್ಕಳ ತಂದೆತಾಯಂದಿರಲ್ಲಿ ಬಹುಮಂದಿಗೆ ಈ ಸುದ್ದಿಯೇ ತಲುಪಿಲ್ಲವೆಂಬುದು ನಮ್ಮ ಅನಿಸಿಕೆ.

ಇದೇ ನೀತಿಯ ಇನ್ನೊಂದು ಮಾತು ಕರಾವಳಿಯ ಓದುಗರಿಗೆ ಹೆಚ್ಚು ಸಂಬಂಧಪಟ್ಟದ್ದು. ಶಿಕ್ಷಕ ತರಬೇತಿಯನ್ನು ಮಾತ್ರ ನೀಡುವ ಬಿಡಿ ಕಾಲೇಜುಗಳು 2030ರೊಳಗೆ ಬಹುಶಿಸ್ತೀಯ ಸಂಸ್ಥೆಗಳಾಗಬೇಕು, ಅಂದರೆ ಕಲೆ, ವಿಜ್ಞಾನ, ವಾಣಿಜ್ಯ ಮುಂತಾದವುಗಳನ್ನು ಕಲಿಸುವ ದೊಡ್ಡ ಸಂಸ್ಥೆಯ ಭಾಗವಾಗಬೇಕು ಎಂದು ಅದರ ಆಶಯ. ಮಂಗಳೂರಿನಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ನಡೆಸುವ ಸಂತ ಆನ್ನರ ಶಿಕ್ಷಣ ಕಾಲೇಜು 1943ರಷ್ಟು ಹಳೆಯದು. ಮಹಿಳೆಯರ ಶಿಕ್ಷಕ ತರಬೇತಿಯಲ್ಲಿ ಅಂಥ ಸಂಸ್ಥೆಗಳ ಸೇವೆ ದೊಡ್ಡದು. ದೊಡ್ಡ ವಿದ್ಯಾಸಂಸ್ಥೆಗಳ ಜಾಲ ಇರುವ ಮಂಗಳೂರಿನಂಥ ನಗರದಲ್ಲಿ ಕಾಲೇಜುಗಳು ಒಂದರೊಡನೊಂದು ಸೇರುವ ದಾರಿಯಾದರೂ ಇದೆ. ತಾಲ್ಲೂಕು ಕೇಂದ್ರದಲ್ಲಿ ಎರಡು ಕೊಠಡಿ ಹೆಚ್ಚಿಗೆ ಕಟ್ಟಲೂ ಒದ್ದಾಡುವ ಬಿ.ಇಡಿ. ಕಾಲೇಜು ಏನು ಮಾಡಬೇಕು? ಅಂಥ ಕಾಲೇಜು ಮುಚ್ಚಿದರೆ ಮೊದಲು ಮನೆಯಲ್ಲಿ ಕುಳಿತುಕೊಳ್ಳಬೇಕಾಗುವುದು ದಿನಾ ಬಸ್ಸಿನಲ್ಲಿ ಬಂದುಹೋಗುವ ಹಳ್ಳಿಯ ಹುಡುಗಿಯೇ.

ಇನ್ನು ಒಂದು ವರ್ಷದ ಬಿ.ಇಡಿ.ಯ ಮಾತು. 2025ರ ಫೆಬ್ರವರಿಯಲ್ಲಿ ಪರಿಷತ್ತು ಹೊಸ ನಿಯಮಾವಳಿಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ನಾಲ್ಕು ವರ್ಷಗಳ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ಬಿ.ಇಡಿ.ಯನ್ನು ಒಂದೇ ವರ್ಷದಲ್ಲಿ ಮುಗಿಸಲು ಅವಕಾಶ ಕೊಡುವುದು ಅದರ ಮುಖ್ಯ ಪ್ರಸ್ತಾಪ. ಸುದ್ದಿ ಹೊರಬಿದ್ದದ್ದೇ ತಡ, "ಬಿ.ಇಡಿ. ಮತ್ತೆ ಒಂದೇ ವರ್ಷ" ಎಂಬ ಅರ್ಧ ಮಾತು ಎಲ್ಲೆಡೆ ಹರಡಿತು. ಉಳಿದರ್ಧವನ್ನು ಕರ್ನಾಟಕದವರು ಗಮನಿಸಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಪದವಿ ಪದ್ಧತಿ ಜಾರಿಗೆ ಬಂದಿತ್ತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, 2024-25ರಿಂದ ಸರಕಾರ ಮೂರು ವರ್ಷಗಳ ಪದವಿಗೆ ಮರಳಿತು. ಆದ್ದರಿಂದ ಈಗ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಬಿ.ಎ. ಓದುತ್ತಿರುವ ಹುಡುಗಿಗೆ, ಆ ಕರಡಿನ ಪ್ರಕಾರವೇ ನೋಡಿದರೂ, ಎರಡು ವರ್ಷಗಳ ಬಿ.ಇಡಿ.ಯೇ ಗತಿ.

ಆದರೆ ಗಾಬರಿಪಡುವ ಅಗತ್ಯವಿಲ್ಲ. ಲೆಕ್ಕ ಹಾಕಿ ನೋಡಿ: ಮೂರು ವರ್ಷದ ಪದವಿ, ಎರಡು ವರ್ಷದ ಬಿ.ಇಡಿ., ಒಟ್ಟು ಐದು. ನಾಲ್ಕು ವರ್ಷದ ಪದವಿ, ಒಂದು ವರ್ಷದ ಬಿ.ಇಡಿ., ಅದೂ ಐದೇ. ನಿಜವಾಗಿ ಒಂದು ವರ್ಷ ಉಳಿಯುವುದು ಪಿಯುಸಿ ಆದ ಕೂಡಲೇ ಸಮಗ್ರ ಬಿ.ಇಡಿ.ಗೆ ಸೇರಿದವರಿಗೆ ಮಾತ್ರ. ಎಂ.ಎ. ಮುಗಿಸಿ ಮನೆಯಲ್ಲಿರುವವರಿಗೆ ಒಂದು ವರ್ಷದ ಕ್ರಮದಿಂದ ಅನುಕೂಲವಾದೀತು. ಆದರೆ ಕರಡೆಂಬುದು ಕಾನೂನಲ್ಲ. ಒಂದು ವರ್ಷದ ಬಿ.ಇಡಿ.ಗೆ ಸೀಟು ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರಿಗೆ ಹಣ ಕೊಡುವ ಮೊದಲು ಪರಿಷತ್ತಿನ ಅಂತಿಮ ಅಧಿಸೂಚನೆಯನ್ನೂ ಆ ಕಾಲೇಜಿಗೆ ಸಿಕ್ಕಿರುವ ಮಾನ್ಯತಾ ಪತ್ರವನ್ನೂ ಕಣ್ಣಾರೆ ನೋಡಬೇಕು.

ಬಿ.ಇಡಿ. ಮಾಡಿದರೆ ಎಲ್ಲ ತರಗತಿಗಳಿಗೂ ಕಲಿಸಬಹುದೆಂಬ ನಂಬಿಕೆಯೂ ಈಗ ಸರಿಯಲ್ಲ. ಬಿ.ಇಡಿ. ಪದವೀಧರರನ್ನೂ 1ರಿಂದ 5ನೇ ತರಗತಿಗಳಿಗೆ ನೇಮಿಸಬಹುದೆಂದು 2018ರಲ್ಲಿ ಪರಿಷತ್ತು ಹೊರಡಿಸಿದ್ದ ಅಧಿಸೂಚನೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ನೀಡಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಅದಕ್ಕೆ ಡಿ.ಎಲ್.ಇಡಿ. ತರಬೇತಿಯೇ ತಕ್ಕದ್ದು ಎಂಬುದು ಅದರ ಸಾರ. ನಮ್ಮ ಹಿರಿಯರು ಟಿ.ಸಿ.ಎಚ್. ಎಂದು ಕರೆಯುತ್ತಿದ್ದ ತರಬೇತಿಯ ಇಂದಿನ ರೂಪ ಅದು. ಬಿ.ಇಡಿ.ಯ ವ್ಯಾಮೋಹದಲ್ಲಿ ಆ ತರಬೇತಿಯನ್ನು ಕೀಳಾಗಿ ಕಂಡವರು ಅದನ್ನು ಮತ್ತೆ ನೆನಪಿಸಿಕೊಳ್ಳಬೇಕಾಗಿದೆ. ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವುದು ಹತ್ತನೇ ತರಗತಿಗೆ ಬೀಜಗಣಿತ ಹೇಳಿಕೊಡುವುದಕ್ಕಿಂತ ಸುಲಭ ಎಂದು ಯಾವ ಅನುಭವಿ ಶಿಕ್ಷಕಿಯೂ ಹೇಳಲಾರರು.

ಈಗ ನಮ್ಮ ಶಾಲೆಗಳನ್ನು ನೇರವಾಗಿ ಮುಟ್ಟುವ ವಿಷಯಕ್ಕೆ ಬರೋಣ. ಶಿಕ್ಷಕರ ಅರ್ಹತಾ ಪರೀಕ್ಷೆ, ಎಂದರೆ ಟಿಇಟಿ, 2010ರ ಆಗಸ್ಟ್ 23ರ ಅಧಿಸೂಚನೆಯಿಂದ ಬಂತು. 150 ಅಂಕಗಳ ಪರೀಕ್ಷೆ. 1ರಿಂದ 5ನೇ ತರಗತಿಗೆ ಒಂದು ಪತ್ರಿಕೆ, 6ರಿಂದ 8ಕ್ಕೆ ಇನ್ನೊಂದು. ಸಾಮಾನ್ಯ ವರ್ಗದವರು ಶೇ. 60, ಅಂದರೆ 90 ಅಂಕ ಪಡೆಯಬೇಕು. ಒಮ್ಮೆ ತೇರ್ಗಡೆಯಾದರೆ ಅದು ಜೀವಮಾನವಿಡೀ ಸಿಂಧು ಎಂದು 2021ರಲ್ಲಿ ನಿರ್ಧಾರವಾಯಿತು. ಹಿಂದೆಯೇ ನೇಮಕಗೊಂಡವರು ತಮಗೆ ಇದು ಅನ್ವಯಿಸದೆಂದು ನೆಮ್ಮದಿಯಿಂದಿದ್ದರು. 2025ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿಗಳಾದ ದೀಪಂಕರ್ ದತ್ತಾ ಮತ್ತು ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಆ ನೆಮ್ಮದಿಯನ್ನು ಕಲಕಿತು. ನಿವೃತ್ತಿಗೆ ಐದು ವರ್ಷಗಳಿಗಿಂತ ಹೆಚ್ಚು ಸಮಯ ಇರುವ ಶಿಕ್ಷಕರು, ಹಿಂದೆ ಎಂದೇ ನೇಮಕಗೊಂಡಿದ್ದರೂ, ಎರಡು ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕು. ಆಗದಿದ್ದರೆ ಸೇವೆಯಿಂದ ನಿರ್ಗಮಿಸಬೇಕು, ನಿಯಮದಂತೆ ಸಲ್ಲಬೇಕಾದ ನಿವೃತ್ತಿ ಸೌಲಭ್ಯ ಪಡೆಯಬಹುದು. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿಯಿಲ್ಲ.

ನಮ್ಮ ರಾಜ್ಯದಲ್ಲಿ ನಿವೃತ್ತಿ ವಯಸ್ಸು 60. ತೀರ್ಪಿನ ದಿನ 56 ತುಂಬಿದ್ದ ಶಿಕ್ಷಕಿ ಉಳಿದರು. 54 ತುಂಬಿದ್ದವರು ಮತ್ತೆ ಪುಸ್ತಕ ಹಿಡಿಯಬೇಕಾಯಿತು. ಕಾಲು ಶತಮಾನ ಪಾಠ ಮಾಡಿದವರನ್ನು ಒಂದು ಬಹು ಆಯ್ಕೆಯ ಪ್ರಶ್ನೆಪತ್ರಿಕೆಯಿಂದ ಅಳೆಯುವುದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜ. ಪರೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅವರ ತರಗತಿಯನ್ನು ನೋಡದೆ, ಅವರ ಮಕ್ಕಳ ಕಲಿಕೆಯನ್ನು ನೋಡದೆ ತೀರ್ಮಾನಿಸುವ ಅಳತೆಗೋಲು ಅರ್ಧ ಅಳತೆಯನ್ನೇ ತೋರಿಸುತ್ತದೆ.

ಅಲ್ಪಸಂಖ್ಯಾತ ಸಂಸ್ಥೆಗಳ ಮಾತು ಬೇರೆ. ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಹೇಳಿತ್ತು. 2025ರ ಪೀಠ ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸುವಂತೆ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಅದು ಇತ್ಯರ್ಥವಾಗುವ ತನಕ ಈ ನಿರ್ದೇಶನ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇಲ್ಲವೆಂದೂ ತಿಳಿಸಿತು. ಹೀಗಾಗಿ ನಮ್ಮ ಶಾಲೆಗಳಿಗೆ ಸಿಕ್ಕಿರುವುದು ಬಿಡುಗಡೆಯಲ್ಲ, ಕಾಲಾವಕಾಶ.

ಈ ಕಾಲಾವಕಾಶವನ್ನು ಕೆಲವು ಆಡಳಿತಗಳು ಸುಮ್ಮನಿರಲು ಸಿಕ್ಕ ಕಾರಣವೆಂದು ತಿಳಿಯುವ ಅಪಾಯವಿದೆ. ಸಂವಿಧಾನದ 30ನೇ ವಿಧಿ ನಮಗೆ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಕಾಪಾಡಿಕೊಳ್ಳಲು ನ್ಯಾಯಾಲಯದಲ್ಲಿ ವಾದಿಸುವುದು ಒಂದು ಕೆಲಸ. ನಮ್ಮ ಶಿಕ್ಷಕಿಯರು ಯಾವ ಪರೀಕ್ಷೆಗೂ ಹೆದರಬೇಕಾಗಿಲ್ಲದಂತೆ ತಯಾರು ಮಾಡುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೇ ಮಾಡಬಹುದು. ಟಿಇಟಿ ಇಲ್ಲದ ಶಿಕ್ಷಕಿ ನಮ್ಮ ಶಾಲೆಯಲ್ಲಿ ಉಳಿದಾರು. ಆದರೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಅಲ್ಲಿ ಪರೀಕ್ಷೆ ಬೇಕೆಂದು ಕೇಳುತ್ತಾರೆ. ಸರಕಾರಿ ಹುದ್ದೆಗೆ ಅರ್ಜಿ ಹಾಕಿದರೂ ಕೇಳುತ್ತಾರೆ. 2022ರಲ್ಲಿ ರಾಜ್ಯ ಸರಕಾರ 6ರಿಂದ 8ನೇ ತರಗತಿಗಳಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಮುಂದಾದಾಗ ಟಿಇಟಿ ಇಲ್ಲದವರು ಅರ್ಜಿ ಹಾಕುವಂತೆಯೂ ಇರಲಿಲ್ಲ.

ಪ್ರೌಢಶಾಲೆಗಳ ವಿಷಯದಲ್ಲಿ ಒಂದು ಸಣ್ಣ ತೊಡಕಿದೆ. ಶಿಕ್ಷಣ ಹಕ್ಕು ಕಾಯಿದೆಯ ವ್ಯಾಪ್ತಿ 8ನೇ ತರಗತಿಯವರೆಗೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಶುರುವಾಗುವುದೇ 8ರಿಂದ. ಹಾಗಾದರೆ ಎಂಟನೇ ತರಗತಿಗೆ ಪಾಠ ಮಾಡುವ ಪ್ರೌಢಶಾಲಾ ಶಿಕ್ಷಕರ ಗತಿಯೇನು? ಈ ಬಗ್ಗೆ ಇಲಾಖೆಯಿಂದ ಲಿಖಿತ ಸ್ಪಷ್ಟನೆ ಕೇಳಿ ಕಡತದಲ್ಲಿ ಇಟ್ಟುಕೊಳ್ಳುವುದು ಮುಖ್ಯೋಪಾಧ್ಯಾಯರಿಗೆ ಒಳ್ಳೆಯದು.

ಹಾಗಾದರೆ ಧರ್ಮಕೇಂದ್ರಗಳು ಏನು ಮಾಡಬಹುದು? ದೊಡ್ಡ ಯೋಜನೆಗಳೇನೂ ಬೇಡ. ನಮ್ಮ ಶಾಲೆಗಳಲ್ಲಿ ಬಿ.ಇಡಿ. ವಿದ್ಯಾರ್ಥಿಗಳು ಪಾಠ ಅಭ್ಯಾಸಕ್ಕೆ ಬಂದಾಗ ಅವರನ್ನು ಖಾಲಿ ತರಗತಿ ತುಂಬಿಸುವ ಆಳುಗಳಂತೆ ಬಳಸಿಕೊಳ್ಳದೆ, ಅನುಭವಿ ಶಿಕ್ಷಕಿಯೊಬ್ಬರ ಜೊತೆ ಕೂರಿಸಬಹುದು. ಟಿಇಟಿ ಬರೆಯುವ ಶಿಕ್ಷಕಿಯರಿಗೆ ಪರೀಕ್ಷೆಗೆ ಮುಂಚಿನ ಒಂದು ವಾರ ಸಂಬಳಸಹಿತ ರಜೆ ಕೊಡಬಹುದು, ಅರ್ಜಿ ಶುಲ್ಕವನ್ನು ಶಾಲೆಯೇ ಭರಿಸಬಹುದು. ಮಕ್ಕಳ ಮನೋವಿಕಾಸ ಮತ್ತು ಬೋಧನಾಶಾಸ್ತ್ರದ 30 ಅಂಕಗಳಲ್ಲಿಯೇ ಬಹುಮಂದಿ ಎಡವುವುದರಿಂದ, ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುವ ನಮ್ಮವರೇ ಯಾರಾದರೂ ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ಹೇಳಿಕೊಟ್ಟರೆ ದೊಡ್ಡ ಉಪಕಾರ. ಸಂಬಳದ ಮಾತನ್ನೂ ಇಲ್ಲಿ ಆಡಲೇಬೇಕು. ಐದು ವರ್ಷ ಓದಿ, ಮತ್ತೆ ಅರ್ಹತಾ ಪರೀಕ್ಷೆ ಬರೆದು ಬಂದವರಿಗೆ ಗುಮಾಸ್ತರಿಗಿಂತ ಕಡಿಮೆ ಸಂಬಳ ಕೊಟ್ಟು "ಇದು ಸೇವೆ" ಎಂದರೆ ಅವರು ಹೆಚ್ಚು ದಿನ ನಿಲ್ಲುವುದಿಲ್ಲ.

ಸರಕಾರಿ ಕೋಟಾದ ಬಿ.ಇಡಿ. ಸೀಟಿಗೆ ಪ್ರಯತ್ನಿಸುವವರು ಬೆಂಗಳೂರಿನ ಕೇಂದ್ರೀಕೃತ ದಾಖಲಾತಿ ಘಟಕದ ಪ್ರಕಟಣೆಯನ್ನು ಕಾಯಬೇಕು. ಅರ್ಜಿ ಆನ್‌ಲೈನ್ ಮೂಲಕ, ಆಯ್ಕೆ ಪದವಿಯ ಅಂಕಗಳ ಮೇಲೆ. ಪ್ರಕಟಣೆ ಬಂದ ಮೇಲೆ ಸಿಗುವ ದಿನಗಳು ಕಡಿಮೆ. ಜಾತಿ, ಆದಾಯ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಗೂ ಓದಿದ ಶಾಲೆಗೂ ಅಲೆಯುವುದರಲ್ಲೇ ಅವು ಕಳೆದುಹೋಗುತ್ತವೆ. ಅಂತಿಮ ವರ್ಷದ ಪದವಿ ಓದುತ್ತಿರುವವರು ಪರೀಕ್ಷೆ ಮುಗಿದ ವಾರವೇ ಈ ಕಾಗದಗಳನ್ನು ಮಾಡಿಸಿಟ್ಟುಕೊಳ್ಳಬೇಕೆಂದು ಪೂಜೆಯ ನಂತರದ ಪ್ರಕಟಣೆಗಳಲ್ಲಿ ಒಂದೆರಡು ಭಾನುವಾರ ತಿಳಿಸಿದರೆ ಉಪಕಾರವಾಗುತ್ತದೆ.